ಕಾರ್ಖಾನೆಯ ಬಾಗಿಲಿನಿಂದ ಗಿರಾಕಿಯ ಮನೆಯವರೆಗೆ: ಫೋರ್ಡ್ ಕಂಪನಿ ತನ್ನ ಹೊಸ ಕಾರುಗಳನ್ನು ತೋರಿಸಿದ ಮತ್ತು ತಲುಪಿಸಿದ ಬಗೆ

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಮೋಟಾರು ಕಾರಿನ ಚರಿತ್ರೆಯನ್ನು ಹೇಳಹೊರಟವರು ಡೆಟ್ರಾಯಿಟ್ ನಗರದ ಬಳಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯನ್ನು ನೆನೆಯದೆ ಮುಂದೆ ಹೋಗುವುದಿಲ್ಲ. 1913ರಲ್ಲಿ ಅಲ್ಲಿ ಆರಂಭವಾದ ಚಲಿಸುವ ಜೋಡಣಾ ಸಾಲು, ಒಂದು ಚಾಸಿಯನ್ನು, ಅಂದರೆ ಕಾರಿನ ಕೆಳಗಟ್ಟನ್ನು, ಜೋಡಿಸಲು ಹಿಡಿಯುತ್ತಿದ್ದ ಹನ್ನೆರಡೂವರೆ ಗಂಟೆಗಳ ದುಡಿಮೆಯನ್ನು ಮುಂದಿನ ವರ್ಷದ ಹೊತ್ತಿಗೆ 93 ನಿಮಿಷಗಳಿಗೆ ಇಳಿಸಿತು ಎಂಬುದನ್ನು ಶಾಲೆಯ ಪಠ್ಯಪುಸ್ತಕಗಳೂ ಹೇಳುತ್ತವೆ. ಆ ಸಾಧನೆಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ನಮ್ಮ ಬಹುಪಾಲು ಕಥನಗಳು ಕಾರು ಆ ಸಾಲಿನ ತುದಿಯನ್ನು ತಲುಪಿದೊಡನೆಯೇ ಮುಗಿದುಬಿಡುತ್ತವೆ. ಸಿದ್ಧವಾದ ಕಾರು ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು, ಯಾವ ವಾಹನದ ಮೇಲೆ ಹೋಯಿತು, ಅದನ್ನು ಜನ ಎಲ್ಲಿ ನಿಂತು ನೋಡಿದರು, ಅದರ ಹಣ ಯಾರ ಕೈಯಿಂದ ಯಾರ ಕೈಗೆ ಯಾವ ಹೊತ್ತಿನಲ್ಲಿ ಸಂದಿತು ಎಂಬ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಇಂದಿನ ಉಪನ್ಯಾಸವನ್ನು ನಾನು ಈ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇನೆ.

ನಾನು ಮುಂದಿಡಬಯಸುವ ವಿಚಾರ ಒಂದೇ. ಫೋರ್ಡ್ ಕಂಪನಿಯಲ್ಲಿ ಕಾರನ್ನು ತೋರಿಸುವ ಕೆಲಸವೂ ತಲುಪಿಸುವ ಕೆಲಸವೂ ಬೇರೆಬೇರೆಯಾಗಿರಲಿಲ್ಲ. ರೈಲಿನ ಗೂಡ್ಸ್ ವ್ಯಾಗನ್ನಿನಲ್ಲಿ ಕಾರನ್ನು ಹೇಗೆ ತುಂಬಬೇಕು ಎಂಬ ಲೆಕ್ಕಾಚಾರವೇ ಕಂಪನಿಯ ಶೋರೂಂಗಳು ಎಲ್ಲಿರಬೇಕು, ಹೇಗಿರಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿತು, ಮತ್ತು ಆ ಇಡೀ ವ್ಯವಸ್ಥೆಯ ಹೊರೆಯನ್ನು ಕೊನೆಗೆ ಹೊತ್ತವನು ಸಣ್ಣ ಊರಿನ ಡೀಲರ್.

ಮೊದಲು 1908ಕ್ಕೆ ಹೋಗೋಣ. ಆಗ ಕಂಪನಿಯಿದ್ದದ್ದು ಡೆಟ್ರಾಯಿಟ್‌ನ ಪಿಕೆಟ್ ಅವೆನ್ಯೂವಿನ ಮೂರು ಮಹಡಿಯ ಇಟ್ಟಿಗೆ ಕಟ್ಟಡದಲ್ಲಿ. ಮಾಡೆಲ್ ಟಿ ಎಂಬ ಹೊಸ ಕಾರು ಮಾರುಕಟ್ಟೆಗೆ ಬಂದದ್ದು ಆ ವರ್ಷದ ಅಕ್ಟೋಬರ್ 1ರಂದು. ಆದರೆ ಡೀಲರುಗಳು ಅದನ್ನು ಕಂಡದ್ದು ಅದಕ್ಕಿಂತ ಅರ್ಧ ವರ್ಷ ಮೊದಲು, ಅದೂ ಕಾಗದದ ಮೇಲೆ. ಮಾರ್ಚ್ ತಿಂಗಳಲ್ಲಿ ಕಂಪನಿ ಅವರಿಗೆ ಮುಂಗಡವಾಗಿ ವಿವರಪತ್ರಿಕೆಯೊಂದನ್ನು ಕಳುಹಿಸಿತು. ಟೂರಿಂಗ್ ಕಾರಿನ, ಅಂದರೆ ತೆರೆದ ಬಾಡಿಯ ಕುಟುಂಬದ ಕಾರಿನ, ಬೆಲೆ 850 ಡಾಲರ್. ಇಪ್ಪತ್ತು ಅಶ್ವಶಕ್ತಿಯ, ನಾಲ್ಕು ಸಿಲಿಂಡರಿನ ಎಂಜಿನ್. ಹಗುರವೂ ಗಟ್ಟಿಯೂ ಆದ ವೆನೇಡಿಯಂ ಉಕ್ಕು. ಇದನ್ನು ಓದಿದ ಡೀಲರುಗಳಿಗೆ ಸಂತೋಷದಷ್ಟೇ ಗಾಬರಿಯೂ ಆಯಿತು. ಅಂಗಡಿಯಲ್ಲಿ ಹಳೆಯ ಮಾದರಿಯ ಕಾರುಗಳು ಇನ್ನೂ ಮಾರಾಟವಾಗದೆ ನಿಂತಿರುವಾಗ ಈ ಸುದ್ದಿ ಹೊರಬಿದ್ದರೆ ಅವುಗಳನ್ನು ಕೊಳ್ಳುವವರು ಯಾರು? ಆ ಕಾಗದಗಳನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದೇವೆಂದು ಕಂಪನಿಗೆ ಬರೆದ ಡೀಲರುಗಳೂ ಇದ್ದರು. ಹೊಸದನ್ನು ತೋರಿಸುವುದರಲ್ಲಿ ಹಳೆಯ ಸರಕಿನ ಮಾಲೀಕನಿಗೆ ನಷ್ಟವೂ ಅಡಗಿದೆ ಎಂಬ ಈ ಸಂಗತಿ ಹತ್ತೊಂಬತ್ತು ವರ್ಷಗಳ ಬಳಿಕ ಇನ್ನೂ ದೊಡ್ಡದಾಗಿ ಎದುರಾಗುವುದನ್ನು ಮುಂದೆ ನೋಡಲಿದ್ದೇವೆ.

ಆ ಕಾಲದಲ್ಲಿ ಹೊಸ ಕಾರನ್ನು ತೋರಿಸಲು ಒಪ್ಪಿತವಾಗಿದ್ದ ವೇದಿಕೆಯೆಂದರೆ ನ್ಯೂಯಾರ್ಕಿನ ವಾರ್ಷಿಕ ಮೋಟಾರು ಪ್ರದರ್ಶನ. ಅಲ್ಲಿ ಫೋರ್ಡ್ ಕಂಪನಿಗೆ ಒಂದು ಅಡ್ಡಿಯಿತ್ತು. ಜಾರ್ಜ್ ಸೆಲ್ಡನ್ ಎಂಬ ವಕೀಲರು ಪೆಟ್ರೋಲ್ ಕಾರಿನ ಮೇಲೆ ಪಡೆದಿದ್ದ ಪೇಟೆಂಟ್ ಹಕ್ಕಿಗೆ ರಾಯಧನ ಕೊಟ್ಟು ಪರವಾನಗಿ ಪಡೆದ ತಯಾರಕರ ಸಂಘವು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತನ್ನ ಪ್ರದರ್ಶನವನ್ನು ನಡೆಸುತ್ತಿತ್ತು. ರಾಯಧನ ಕೊಡಲೊಪ್ಪದ, ಕಂಪನಿಯ ಸ್ಥಾಪಕ ಹೆನ್ರಿ ಫೋರ್ಡ್ ಅವರಿಗೆ ಅಲ್ಲಿ ಸ್ಥಳವಿರಲಿಲ್ಲ. ಹೀಗಾಗಿ ಅವರೂ ಅವರಂತೆಯೇ ಹೊರಗುಳಿದ ಇತರರೂ ಗ್ರ್ಯಾಂಡ್ ಸೆಂಟ್ರಲ್ ಪ್ಯಾಲೇಸ್‌ನಲ್ಲಿ ಪ್ರತ್ಯೇಕವಾಗಿ ತಮ್ಮ ಕಾರುಗಳನ್ನು ನಿಲ್ಲಿಸಿದರು. 1909ರಲ್ಲಿ ಕೆಳಗಿನ ನ್ಯಾಯಾಲಯ ಫೋರ್ಡ್ ಅವರ ವಿರುದ್ಧ ತೀರ್ಪಿತ್ತಾಗ, ಫೋರ್ಡ್ ಕಾರನ್ನು ಕೊಂಡ ಗಿರಾಕಿಯ ಮೇಲೂ ದಾವೆ ಬೀಳಬಹುದೆಂಬ ಬೆದರಿಕೆ ಜಾಹೀರಾತುಗಳ ಮೂಲಕ ಹರಡಿತು. ಅದಕ್ಕೆ ಕಂಪನಿ ಕೊಟ್ಟ ಉತ್ತರ ನನಗೆ ಬಹಳ ಗೌರವಾರ್ಹವೆಂದು ತೋರುತ್ತದೆ: ಕೇಳಿದ ಪ್ರತಿಯೊಬ್ಬ ಗಿರಾಕಿಗೂ ಕಾರಿನೊಂದಿಗೆ ಒಂದು ಭದ್ರತಾ ಪತ್ರವನ್ನು ಕೊಡುವುದಾಗಿ ಅದು ಘೋಷಿಸಿತು. ಕಂಪನಿಯ ಆಸ್ತಿ ಮತ್ತು ಒಂದು ವಿಮಾ ಸಂಸ್ಥೆಯ ಆಸ್ತಿ ಸೇರಿ 1.2 ಕೋಟಿ ಡಾಲರುಗಳ ಬೆಂಬಲ ಆ ಪತ್ರಕ್ಕಿತ್ತು. ಆದರೆ ಅದನ್ನು ಕೇಳಿ ಪಡೆದವರು ಐವತ್ತು ಮಂದಿಯ ಆಸುಪಾಸು ಮಾತ್ರ. ಉಳಿದವರಿಗೆ ಡೀಲರನ ಮಾತೇ ಸಾಕಾಗಿತ್ತು. 1911ರ ಜನವರಿಯಲ್ಲಿ ಮೇಲ್ಮನವಿಯ ನ್ಯಾಯಾಲಯ ಫೋರ್ಡ್ ಅವರ ಪರವಾಗಿ ತೀರ್ಪು ಕೊಟ್ಟ ಮೇಲೆ ಆ ಅಧ್ಯಾಯ ಮುಗಿಯಿತು.

ಹೀಗೆ ತಲುಪುತ್ತಿದ್ದ ಕಾರಿನ ಸ್ವರೂಪವನ್ನೂ ಸ್ವಲ್ಪ ನೋಡಬೇಕು. ಮೊದಲ ಮಾಡೆಲ್ ಟಿ ಕಾರುಗಳಲ್ಲಿ ಮುಂದಿನ ಗಾಜು, ಮೇಲಿನ ಹೊದಿಕೆ, ಗ್ಯಾಸ್ ದೀಪಗಳು ಇವೆಲ್ಲಕ್ಕೂ ಬೇರೆ ಹಣ ಕೊಡಬೇಕಿತ್ತು. ಕಾರನ್ನು ಪಡೆಯುವವನು ಬಹುತೇಕ ರೈತ ಅಥವಾ ಸಣ್ಣ ಊರಿನ ವ್ಯಾಪಾರಿ. ಕುದುರೆಯ ಲಗಾಮು ಹಿಡಿದು ಗೊತ್ತಿದ್ದರೂ ಯಂತ್ರವನ್ನು ನಡೆಸಿ ಗೊತ್ತಿಲ್ಲದವನು. ಕಾರಿನ ನೆಲದಲ್ಲಿ ಮೂರು ಪೆಡಲುಗಳಿದ್ದವು. ಎಡಗಡೆಯದು ನಿಧಾನ ಮತ್ತು ವೇಗದ ಗೇರುಗಳಿಗೆ, ನಡುವಿನದು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕಿಗೆ. ವೇಗವನ್ನು ಹೆಚ್ಚಿಸುವ ಸನ್ನೆ (ಲಿವರ್) ಮಾತ್ರ ಸ್ಟಿಯರಿಂಗಿನ ಕೆಳಗೆ ಕೈಯಳತೆಯಲ್ಲಿತ್ತು. ಎಂಜಿನನ್ನು ಚಾಲೂ ಮಾಡಲು ಮುಂಭಾಗದಲ್ಲಿ ನಿಂತು ಹ್ಯಾಂಡಲ್ ತಿರುಗಿಸಬೇಕು; ಅದಕ್ಕೂ ಮೊದಲು ಎಂಜಿನಿನಲ್ಲಿ ಕಿಡಿ ಹಾರುವ ಹೊತ್ತನ್ನು ಹೊಂದಿಸುವ ಸನ್ನೆಯನ್ನು ಸರಿಯಾಗಿ ಹಿಂದಕ್ಕೆ ಸರಿಸದಿದ್ದರೆ ಹ್ಯಾಂಡಲ್ ಎದುರು ತಿರುಗಿ ತೋಳಿನ ಮೂಳೆ ಮುರಿಯುವ ಅಪಾಯವಿತ್ತು. ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗಿತ್ತು. ಎಷ್ಟು ಉಳಿದಿದೆಯೆಂದು ತಿಳಿಯಲು ಕೋಲನ್ನು ಇಳಿಸಿ ನೋಡಬೇಕಾಗಿತ್ತು. ಇವನ್ನೆಲ್ಲ ಕಲಿಸಿಕೊಟ್ಟು, ಗಿರಾಕಿ ತಾನೇ ನಡೆಸಿಕೊಂಡು ಮನೆ ಸೇರುವಂತೆ ಮಾಡಿದಾಗಲೇ ಕಾರು ತಲುಪಿಸಿದಂತಾಗುತ್ತಿತ್ತು. ಆ ಪಾಠ ಹೇಳಿದವನು ಡೀಲರ್, ಇಲ್ಲವೇ ಅವನ ಮೆಕ್ಯಾನಿಕ್. ಕಾರ್ಖಾನೆಯ ಯಾವ ಲೆಕ್ಕದ ಪುಸ್ತಕದಲ್ಲಿಯೂ ಆ ದುಡಿಮೆಯ ಗಂಟೆಗಳು ಸೇರಿಲ್ಲ.

ಈಗ ಸಾಗಣೆಯ ವಿಷಯಕ್ಕೆ ಬರುತ್ತೇನೆ. ಇದೇ ನನ್ನ ಉಪನ್ಯಾಸದ ತಿರುಳು.

ಕಾರು ಎಂಬುದು ಸಾಗಿಸಲು ಬಹಳ ಅನನುಕೂಲವಾದ ಸರಕು. ಅದರ ತೂಕ ಹೆಚ್ಚಲ್ಲ, ಆದರೆ ಅದು ಹಿಡಿಯುವ ಜಾಗ ಬಹಳ. ಆ ಜಾಗದ ಹೆಚ್ಚಿನ ಪಾಲು ಬರಿಯ ಗಾಳಿ. ಜನ ಕುಳಿತುಕೊಳ್ಳಬೇಕಾದ ಖಾಲಿ ಸ್ಥಳ, ಚಾಸಿಯ ಕೆಳಗಿನ ಖಾಲಿ ಸ್ಥಳ, ಮಡ್‌ಗಾರ್ಡಿನ ಅಡಿಯ ಖಾಲಿ ಸ್ಥಳ ಇವೆಲ್ಲಕ್ಕೂ ರೈಲ್ವೆ ಬಾಡಿಗೆ ತೆರಬೇಕು. ಪೂರ್ಣವಾಗಿ ಜೋಡಿಸಿದ ಕಾರುಗಳನ್ನು ಮುಚ್ಚಿದ ವ್ಯಾಗನ್ನಿನೊಳಗೆ ತುಂಬಿದರೆ ಕೆಲವೇ ಕಾರುಗಳಿಗೆ ವ್ಯಾಗನ್ ಭರ್ತಿಯಾಗುತ್ತಿತ್ತು. ಚಕ್ರಗಳನ್ನು ಬಿಚ್ಚಿ, ಬಾಡಿಯನ್ನು ಬೇರ್ಪಡಿಸಿ, ಚಾಸಿಗಳನ್ನು ಓರೆಯಾಗಿ ನಿಲ್ಲಿಸಿದರೆ ಇನ್ನಷ್ಟು ಹಿಡಿಸುತ್ತಿದ್ದವು. ಹಾಗಾದರೆ ಇನ್ನೂ ಮುಂದೆ ಹೋಗಿ, ಕಾರನ್ನು ಡೆಟ್ರಾಯಿಟ್‌ನಲ್ಲಿ ಜೋಡಿಸದೆಯೇ ಬಿಡಿ ಭಾಗಗಳನ್ನಷ್ಟೇ ಕಳುಹಿಸಿ, ಅದು ಮಾರಾಟವಾಗುವ ಪ್ರದೇಶದಲ್ಲಿಯೇ ಜೋಡಿಸಬಾರದೇಕೆ? 1907ರಿಂದ ಕಂಪನಿಯ ಮಾರಾಟ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ನಾರ್ವಲ್ ಹಾಕಿನ್ಸ್ ಅವರ ಕಾಲದಲ್ಲಿ ಈ ದಾರಿ ತೆರೆಯಿತು. ಹಾಕಿನ್ಸ್ ಮೂಲತಃ ಲೆಕ್ಕಪರಿಶೋಧಕರು. ಸಾಗಣೆಯ ಬಾಡಿಗೆಯನ್ನು ಮಾರಾಟದ ಒಂದು ಭಾಗವೆಂದೇ ಕಂಡ ಅವರ ದೃಷ್ಟಿಗೆ ಆ ಹಿನ್ನೆಲೆ ನೆರವಾಗಿರಬೇಕೆಂದು ನಾನು ಭಾವಿಸುತ್ತೇನೆ.

1912ರ ಹೊತ್ತಿಗೆ ಮಿಸ್ಸೂರಿಯ ಕಾನ್ಸಾಸ್ ಸಿಟಿಯಲ್ಲಿ ಇಂಥ ಮೊದಲ ಶಾಖಾ ಜೋಡಣೆ ಘಟಕ ಕೆಲಸ ಮಾಡತೊಡಗಿತ್ತು. ಅದರ ಬೆನ್ನಿಗೇ ಮ್ಯಾಸಚೂಸೆಟ್ಸಿನ ಕೇಂಬ್ರಿಜ್, ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲಿಸ್, ಮಿನಿಯಾಪೊಲಿಸ್, ಪಿಟ್ಸ್‌ಬರ್ಗ್, ಒಕ್ಲಹೋಮಾ ಸಿಟಿ ಹೀಗೆ ಕೆಲವೇ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ನಗರಗಳಲ್ಲಿ ಘಟಕಗಳೆದ್ದವು. ಇದರಿಂದಾದ ಉಳಿತಾಯದ ಪ್ರಮಾಣವನ್ನು ಹೆನ್ರಿ ಫೋರ್ಡ್ ಅವರೇ 1926ರಲ್ಲಿ ಬರೆದಿದ್ದಾರೆ: 36 ಅಡಿ ಉದ್ದದ ಒಂದು ವ್ಯಾಗನ್ನಿನಲ್ಲಿ ಮೊದಲು ಏಳು ಟೂರಿಂಗ್ ಬಾಡಿಗಳು ಹಿಡಿಸುತ್ತಿದ್ದವು, ಅವುಗಳನ್ನು ಬಿಡಿಬಿಡಿಯಾಗಿ ಕಳುಹಿಸಿ ಶಾಖೆಯಲ್ಲಿ ಜೋಡಿಸಲು ತೊಡಗಿದ ಮೇಲೆ ಅದೇ ಅಳತೆಯ ವ್ಯಾಗನ್ನಿನಲ್ಲಿ 130 ಬಾಡಿಗಳು ಹೋದವು. ಏಳೆಲ್ಲಿ, ನೂರಮೂವತ್ತೆಲ್ಲಿ! ಜೋಡಣಾ ಸಾಲು ದುಡಿಮೆಯ ಹೊತ್ತನ್ನು ಎಂಟನೆಯ ಒಂದು ಪಾಲಿಗೆ ಇಳಿಸಿತೆಂದು ನಾವು ಬೆರಗಾಗುತ್ತೇವೆ. ಬಾಡಿಯ ಸಾಗಣೆಯಲ್ಲಿ ವ್ಯಾಗನ್ನಿನ ಬಳಕೆ ಹದಿನೆಂಟು ಪಟ್ಟು ಹೆಚ್ಚಿತೆಂಬುದಕ್ಕೂ ಅಷ್ಟೇ ಗಮನ ಸಲ್ಲಬೇಕು.

ಈ ಶಾಖೆಗಳ ಕಟ್ಟಡಗಳನ್ನು ಸ್ವಲ್ಪ ಹೊತ್ತು ನಿಂತು ನೋಡೋಣ. ಸಾಗಣೆ ಮತ್ತು ಪ್ರದರ್ಶನ ಎರಡೂ ಒಂದೇ ಗೋಡೆಗಳ ನಡುವೆ ಕೂಡಿಕೊಂಡದ್ದು ಅಲ್ಲಿಯೇ. ಅವುಗಳಲ್ಲಿ ಹಲವನ್ನು ಸಿಯಾಟಲ್ ನಗರದ ವಾಸ್ತುಶಿಲ್ಪಿ ಜಾನ್ ಗ್ರಹಾಂ ಅವರು ರೂಪಿಸಿದರು. ಬಹುತೇಕ ಕಟ್ಟಡಗಳು ಊರಾಚೆಗಿರದೆ ನಗರದೊಳಗಿನ ಮುಖ್ಯ ರಸ್ತೆಗಳಲ್ಲಿದ್ದವು, ಮತ್ತು ಸ್ಥಳವನ್ನು ಆರಿಸುವಾಗ ಹಿಂಬದಿಗೆ ರೈಲು ಹಳಿಯಿರುವಂತೆಯೂ ನೋಡಿಕೊಳ್ಳಲಾಗುತ್ತಿತ್ತು. ಪಿಟ್ಸ್‌ಬರ್ಗಿನ ಬಾಮ್ ಬುಲೆವಾರ್ಡ್‌ನಲ್ಲಿ 1915ರಲ್ಲಿ ಎದ್ದ ಎಂಟು ಮಹಡಿಯ ಕಟ್ಟಡ ಇದಕ್ಕೆ ಒಳ್ಳೆಯ ನಿದರ್ಶನ. ಹಿಂಬದಿಯಲ್ಲಿ ವ್ಯಾಗನ್ನುಗಳು ಬಂದು ನಿಲ್ಲುತ್ತಿದ್ದವು. ಅವುಗಳಲ್ಲಿದ್ದ ಭಾಗಗಳನ್ನು ಕ್ರೇನ್ ಎತ್ತಿ ಬೇಕಾದ ಮಹಡಿಗೆ ಸೇರಿಸುತ್ತಿತ್ತು. ರಸ್ತೆಯ ಕಡೆಗೆ ನೆಲಮಹಡಿಯಲ್ಲಿ ಎತ್ತರದ ಕಿಟಕಿಗಳ, ಅಲಂಕೃತವಾದ ಶೋರೂಂ ಇತ್ತು. ಒಂದೇ ಕಟ್ಟಡದ ಹಿಂಬಾಗಿಲಿನಿಂದ ಡೆಟ್ರಾಯಿಟ್‌ನ ಬಿಡಿ ಭಾಗಗಳು ಒಳಬಂದು, ಮುಂಬಾಗಿಲಿನಿಂದ ಗಿರಾಕಿಯೊಂದಿಗೆ ಕಾರಾಗಿ ಹೊರಹೋಗುತ್ತಿದ್ದವು. ಮಿನಿಯಾಪೊಲಿಸ್‌ನಲ್ಲಿ ಇದೇ ಉದ್ದೇಶಕ್ಕೆ ಹತ್ತು ಮಹಡಿಯ ಕಟ್ಟಡವೇ ಎದ್ದಿತು. ಮುಂದೆ ಜೋಡಣೆಗೆ ಒಂದೇ ಅಂತಸ್ತಿನ ವಿಶಾಲವಾದ ಶೆಡ್ಡುಗಳೂ, ಹಡಗು ತಂಗುವ ನೀರಿನ ಅಂಚೂ ಅನುಕೂಲವೆಂದು ಕಂಡಾಗ, ಅಂದರೆ 1920ರ ದಶಕದ ನಡುವಿನಲ್ಲಿ, ಈ ಬಹುಮಹಡಿ ಕಟ್ಟಡಗಳ ಮಹತ್ವ ಕುಗ್ಗಿತು. ನಾರ್ಫೋಕ್‌ನಂಥ ಬಂದರು ನಗರಗಳಲ್ಲಿ ಹೊಸ ಘಟಕಗಳು ತೆರೆದವು. ಹಳೆಯವುಗಳಲ್ಲಿ ಹಲವು ಇಂದಿಗೂ ನಿಂತಿವೆ. ಪಿಟ್ಸ್‌ಬರ್ಗಿನದು ಈಗ ವೈದ್ಯಕೀಯ ಸಂಶೋಧನೆಯ ಕೇಂದ್ರ, ಒಕ್ಲಹೋಮಾ ಸಿಟಿಯದು ಹೋಟೆಲು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇವುಗಳನ್ನು ಕೇವಲ ಕಾರ್ಖಾನೆಗಳೆಂದು ಓದಿಕೊಳ್ಳದೆ, ಕಾರ್ಖಾನೆಯನ್ನು ಪೇಟೆಬೀದಿಗೆ ತಂದು ನಿಲ್ಲಿಸಿದ ಕಟ್ಟಡಗಳೆಂದು ಓದಬೇಕೆಂಬುದು ನನ್ನ ಬಿನ್ನಹ.

ಪೇಟೆಬೀದಿಯಲ್ಲಿ ಕಾರ್ಖಾನೆಯನ್ನು ನಿಲ್ಲಿಸಿದ ಕಂಪನಿಗೆ, ಕಾರನ್ನು ತಯಾರಿಸುವ ಕ್ರಿಯೆಯೇ ನೋಡತಕ್ಕ ವಸ್ತು ಎಂಬ ಅರಿವು ಬಂದದ್ದು ಸಹಜವೇ. ಹೈಲ್ಯಾಂಡ್ ಪಾರ್ಕಿನಲ್ಲಿ ವುಡ್‌ವರ್ಡ್ ಅವೆನ್ಯೂವಿಗೆ ಮುಖಮಾಡಿದ್ದ ವಿದ್ಯುದಾಗಾರಕ್ಕೆ ದೊಡ್ಡ ಗಾಜಿನ ಕಿಟಕಿಗಳನ್ನಿಟ್ಟು, ಒಳಗಿನ ಬೃಹತ್ ಎಂಜಿನುಗಳು ದಾರಿಹೋಕರಿಗೆ ಕಾಣುವಂತೆ ಮಾಡಲಾಗಿತ್ತು. 1914ರಲ್ಲಿ ಕಂಪನಿ ತನ್ನದೇ ಚಲನಚಿತ್ರ ವಿಭಾಗವನ್ನು ತೆರೆಯಿತು. ಆದರೆ ಇವೆಲ್ಲಕ್ಕೂ ಮಿಗಿಲಾದದ್ದು ನಡೆದದ್ದು 1915ರಲ್ಲಿ, ಪನಾಮಾ ಕಾಲುವೆಯ ನಿರ್ಮಾಣ ಮುಗಿದ ಸಂಭ್ರಮಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏರ್ಪಟ್ಟ ಅಂತರರಾಷ್ಟ್ರೀಯ ಮಹಾಪ್ರದರ್ಶನದಲ್ಲಿ. ಅಲ್ಲಿನ ಸಾರಿಗೆ ಭವನದಲ್ಲಿ ಇತರ ತಯಾರಕರು ಹೊಳಪು ಕೊಟ್ಟ ಕಾರುಗಳನ್ನು ನಿಲ್ಲಿಸಿದ್ದರೆ, ಫೋರ್ಡ್ ಕಂಪನಿ ಒಂದು ಜೋಡಣಾ ಸಾಲನ್ನೇ ತಂದು ಚಾಲನೆಯಲ್ಲಿಟ್ಟಿತು. ಪ್ರತಿ ಮಧ್ಯಾಹ್ನ ಮೂರು ಗಂಟೆಗಳ ಕಾಲ, ಹತ್ತು ನಿಮಿಷಕ್ಕೊಂದರಂತೆ, ಬಿಡಿ ಭಾಗಗಳು ಕಾರಾಗಿ ತಮ್ಮದೇ ಎಂಜಿನಿನ ಬಲದಿಂದ ಸಾಲಿನಿಂದ ಕೆಳಗಿಳಿದವು. ಪ್ರದರ್ಶನ ಮುಗಿಯುವ ಹೊತ್ತಿಗೆ ಹೀಗೆ ತಯಾರಾದ ಕಾರುಗಳ ಸಂಖ್ಯೆ ಸುಮಾರು 4,400. ಕಟಕಟೆಯ ಆಚೆ ಜನ ಕಿಕ್ಕಿರಿದು ನಿಂತು ನೋಡಿದರು. ಅವು ಬರಿಯ ನೋಟಕ್ಕಾಗಿ ಮಾಡಿದ ಮಾದರಿಗಳಾಗಿರಲಿಲ್ಲ; ರಸ್ತೆಗಿಳಿಯುವ, ಮಾರಾಟಕ್ಕೆ ಯೋಗ್ಯವಾದ ನಿಜವಾದ ಕಾರುಗಳು. ಕಾರಿನ ಸೊಗಸನ್ನು ತೋರಿಸಿ ಗಿರಾಕಿಯನ್ನು ಒಲಿಸುವುದಕ್ಕಿಂತ, ಅದು ಇಷ್ಟು ಅಗ್ಗವಾಗಿ ಹೇಗೆ ಸಾಧ್ಯವಾಯಿತೆಂಬುದನ್ನು ಕಣ್ಣೆದುರು ತೋರಿಸಿ ನಂಬಿಸುವ ಈ ವಿಧಾನ ಪ್ರದರ್ಶನಕಲೆಯಲ್ಲಿ ಒಂದು ಹೊಸ ಹೆಜ್ಜೆ. 1914ರಿಂದ 1925ರವರೆಗೆ ಮಾಡೆಲ್ ಟಿ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಶೋರೂಮಿನಲ್ಲಿ ಬಣ್ಣಗಳ ಆಯ್ಕೆಯನ್ನು ತೋರಿಸಲಾಗದ ಕಂಪನಿ, ತೋರಿಸಲು ಬೇರೊಂದು ವಸ್ತುವನ್ನು ಕಂಡುಕೊಳ್ಳಲೇಬೇಕಾಗಿತ್ತು.

ಕಾರಿನ ತಾಕತ್ತನ್ನು ತೋರಿಸುವ ಸಾಹಸಗಳೂ ಇದ್ದವು. 1911ರಲ್ಲಿ ಎಡಿನ್‌ಬರೋದ ಫೋರ್ಡ್ ಡೀಲರರೊಬ್ಬರ ಮಗ ಹೆನ್ರಿ ಅಲೆಕ್ಸಾಂಡರ್ ಮಾಡೆಲ್ ಟಿ ಕಾರನ್ನು ಬ್ರಿಟನ್ನಿನ ಅತಿ ಎತ್ತರದ ಬೆಟ್ಟವಾದ ಬೆನ್ ನೆವಿಸ್‌ನ ನೆತ್ತಿಗೆ ಏರಿಸಿದರು. ಅದೂ ಒಂದು ಬಗೆಯ ಶೋರೂಮೇ. ಆದರೆ ಅಂಥವು ಸುದ್ದಿಯಾಗಿ ಮರೆಯಾಗುತ್ತವೆ. ದಿನನಿತ್ಯದ ವ್ಯಾಪಾರ ನಡೆದದ್ದು ಡೀಲರನ ಅಂಗಡಿಯಲ್ಲಿ.

ಆ ಡೀಲರನ ಬಗ್ಗೆ ನಾನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. 1913ರ ಸುಮಾರಿಗೆ ಅಮೆರಿಕದಲ್ಲಿ ಏಳು ಸಾವಿರದಷ್ಟು ಫೋರ್ಡ್ ಡೀಲರುಗಳಿದ್ದರು. ಕಂಪನಿಯ ಪ್ರವಾಸಿ ಪ್ರತಿನಿಧಿಗಳು ಊರೂರು ಸುತ್ತಿ ಅವರ ಅಂಗಡಿಗಳನ್ನು ಪರಿಶೀಲಿಸುತ್ತಿದ್ದರು: ಕಿಟಕಿ ಶುಚಿಯಾಗಿದೆಯೇ, ತೋರಿಸಲು ಕಾರು ನಿಂತಿದೆಯೇ, ಬಿಡಿ ಭಾಗಗಳ ದಾಸ್ತಾನು ಇದೆಯೇ, ರಿಪೇರಿಯವರು ಇದ್ದಾರೆಯೇ. 1908ರಲ್ಲಿ ಆರಂಭವಾದ ಕಂಪನಿಯ ಮನೆಪತ್ರಿಕೆ ‘ಫೋರ್ಡ್ ಟೈಮ್ಸ್’ ಅವರಿಗೆ ಮಾರಾಟದ ಪಾಠ ಹೇಳುತ್ತಿತ್ತು. ಇಷ್ಟೆಲ್ಲ ಶಿಸ್ತಿಗೆ ಒಳಪಟ್ಟಿದ್ದರೂ ಡೀಲರ್ ಕಂಪನಿಯ ನೌಕರನಲ್ಲ. ತನ್ನ ಬಂಡವಾಳ ಹೂಡಿದ ಸ್ವತಂತ್ರ ವ್ಯಾಪಾರಿ. ಕಾರಿನ ಬೆಲೆಯನ್ನು ಪ್ರಕಟಿಸುತ್ತಿದ್ದದ್ದು ‘ಎಫ್.ಒ.ಬಿ. ಡೆಟ್ರಾಯಿಟ್’ ಎಂಬ ಷರತ್ತಿನೊಂದಿಗೆ, ಅಂದರೆ ಡೆಟ್ರಾಯಿಟ್‌ನಿಂದಾಚೆಗಿನ ಸಾಗಣೆ ವೆಚ್ಚ ಕೊಳ್ಳುವವನದು. ಹಣ ಸಲ್ಲಿಸುವ ವಿಧಾನವೋ ಇನ್ನೂ ಬಿಗಿಯಾಗಿತ್ತು. ಕಾರುಗಳು ರೈಲು ಹತ್ತಿದೊಡನೆ ಬಿಲ್ಟಿಯೂ (ಸರಕು ರವಾನೆಯ ರಸೀದಿ) ಅದಕ್ಕೆ ಲಗತ್ತಿಸಿದ ದರ್ಶನಿ ಹುಂಡಿಯೂ (ತೋರಿಸಿದೊಡನೆ ಹಣ ಕಟ್ಟಬೇಕಾದ ಪತ್ರ) ಡೀಲರನ ಊರಿನ ಬ್ಯಾಂಕಿಗೆ ಹೋಗುತ್ತಿದ್ದವು. ಡೀಲರ್ ಬ್ಯಾಂಕಿಗೆ ಹೋಗಿ ಹುಂಡಿಯ ಪೂರ್ತಿ ಹಣ ಕಟ್ಟಿದರೆ ಮಾತ್ರ ಬಿಲ್ಟಿ ಅವನ ಕೈಗೆ. ಬಿಲ್ಟಿ ತೋರಿಸಿದರೆ ಮಾತ್ರ ಗೂಡ್ಸ್ ಶೆಡ್ಡಿನಿಂದ ಕಾರು ಬಿಡುಗಡೆ. ನಮ್ಮ ಮಂಡಿ ವ್ಯಾಪಾರವನ್ನು ಬಲ್ಲವರಿಗೆ ಈ ಕ್ರಮ ಹೊಸದಲ್ಲ. ಹೀಗೆ ಕಂಪನಿಗೆ ತನ್ನ ಹಣ ಕಾರು ಗಿರಾಕಿಯ ಕೈ ಸೇರುವ ಮೊದಲೇ, ಎಷ್ಟೋ ಬಾರಿ ಗಿರಾಕಿ ಯಾರೆಂದು ಡೀಲರನಿಗೇ ಗೊತ್ತಾಗುವ ಮೊದಲೇ ಬಂದುಬಿಡುತ್ತಿತ್ತು.

ಒಳ್ಳೆಯ ದಿನಗಳಲ್ಲಿ ಈ ವ್ಯವಸ್ಥೆ ಎಲ್ಲರಿಗೂ ಹಿತವಾಗಿಯೇ ಇತ್ತು. 1914ರ ಆಗಸ್ಟ್‌ನಿಂದ ಒಂದು ವರ್ಷದೊಳಗೆ ಮೂರು ಲಕ್ಷ ಕಾರುಗಳು ಮಾರಾಟವಾದರೆ ಪ್ರತಿ ಗಿರಾಕಿಗೂ ಲಾಭದ ಪಾಲನ್ನು ಹಿಂದಿರುಗಿಸುವುದಾಗಿ ಕಂಪನಿ ಮಾತು ಕೊಟ್ಟಿತು; ಮಾರಾಟ ಆ ಗುರಿಯನ್ನು ದಾಟಿ 3,08,000ವನ್ನೂ ಮೀರಿತು; ಗಿರಾಕಿಗಳಿಗೆ ತಲಾ 50 ಡಾಲರ್ ಮರಳಿ ಬಂತು. ಕೊಂಡ ಪ್ರತಿಯೊಬ್ಬನೂ ನೆರೆಯವನಿಗೆ ಕಾರನ್ನು ಕೊಳ್ಳಲು ಹೇಳುವಂತೆ ಮಾಡಿದ ಈ ಯೋಜನೆಗೆ ಕಂಪನಿ ತೆತ್ತ ಮೊತ್ತ ಒಂದೂವರೆ ಕೋಟಿ ಡಾಲರಿಗೂ ಮಿಕ್ಕಿದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ರೈಲು ವ್ಯಾಗನ್ನುಗಳ ಕೊರತೆಯಾದಾಗ ಕಾರುಗಳನ್ನು ಕಾರ್ಖಾನೆಯಿಂದಲೇ ರಸ್ತೆಯಲ್ಲಿ ನಡೆಸಿಕೊಂಡು ಊರು ಸೇರಿಸುವುದು ಅಮೆರಿಕದ ಮೋಟಾರು ವ್ಯಾಪಾರದಲ್ಲಿ ವಾಡಿಕೆಯಾಯಿತು. ಚಳಿಗಾಲದ ಕೆಸರಿನ ರಸ್ತೆಗಳಲ್ಲಿ ಹೀಗೆ ಬಂದ ಹೊಸ ಕಾರುಗಳು ಅಂಗಡಿ ಸೇರುವ ಹೊತ್ತಿಗೆ ಹಳತಾಗಿ ಕಾಣುತ್ತಿದ್ದಿರಬೇಕು.

ವ್ಯವಸ್ಥೆಯ ಕಠೋರ ಮುಖ ಕಂಡದ್ದು 1920-21ರಲ್ಲಿ. ಹೆನ್ರಿ ಫೋರ್ಡ್ ಅವರು 1919ರಲ್ಲಿ ಉಳಿದೆಲ್ಲ ಷೇರುದಾರರ ಪಾಲನ್ನು ಸುಮಾರು 10.6 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿದ್ದರು; ಅದಕ್ಕಾಗಿ ದೊಡ್ಡ ಸಾಲವನ್ನೂ ಮಾಡಿದ್ದರು. ಯುದ್ಧಾನಂತರದ ಆರ್ಥಿಕ ಕುಸಿತ ಬಂದೊದಗಿತು. 1920ರ ಸೆಪ್ಟೆಂಬರ್‌ನಲ್ಲಿ ಟೂರಿಂಗ್ ಕಾರಿನ ಬೆಲೆಯನ್ನು 575 ಡಾಲರಿನಿಂದ 440ಕ್ಕೆ ಇಳಿಸಿದರೂ ಬೇಡಿಕೆ ಚೇತರಿಸಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 1921ರ ಏಪ್ರಿಲ್‌ನೊಳಗೆ ತೀರಿಸಬೇಕಾದ ಬಾಕಿ 5.8 ಕೋಟಿ ಡಾಲರ್. ಕೈಯಲ್ಲಿದ್ದದ್ದು ಸುಮಾರು 2 ಕೋಟಿ. ಬ್ಯಾಂಕುಗಳ ಮುಂದೆ ಕೈಯೊಡ್ಡಲು ಫೋರ್ಡ್ ಒಪ್ಪಲಿಲ್ಲ. ಬದಲಿಗೆ ದಾಸ್ತಾನಿನಲ್ಲಿದ್ದ ಬಿಡಿ ಭಾಗಗಳನ್ನೆಲ್ಲ ಕಾರುಗಳಾಗಿ ಜೋಡಿಸಿ, ಡೀಲರುಗಳು ಕೇಳಿರಲಿ ಬಿಡಲಿ, ಅವರ ಊರುಗಳಿಗೆ ರವಾನಿಸಲಾಯಿತು. ಹುಂಡಿ ಬ್ಯಾಂಕಿಗೆ ಬಂದು ಕುಳಿತಿತು. ಹಣ ಕಟ್ಟಿ ಬಿಡಿಸಿಕೊಳ್ಳದಿದ್ದರೆ ಏಜೆನ್ಸಿಯೇ ಕೈತಪ್ಪುತ್ತದೆಂಬ ಭಯದಿಂದ ಡೀಲರುಗಳು ತಮ್ಮ ಊರಿನ ಬ್ಯಾಂಕುಗಳಲ್ಲಿ ಸಾಲ ಮಾಡಿ ಕಾರುಗಳನ್ನು ಬಿಡಿಸಿಕೊಂಡರು. ಹೆನ್ರಿ ಫೋರ್ಡ್ ಮಾಡಲೊಪ್ಪದ ಸಾಲವನ್ನು ಹೀಗೆ ಸಾವಿರಾರು ಸಣ್ಣ ಊರುಗಳ ಡೀಲರುಗಳು ತಮ್ಮ ಹೆಸರಿನಲ್ಲಿ ಮಾಡಿದರು. ಕಂಪನಿ ಗಡುವಿನೊಳಗೆ ಋಣಮುಕ್ತವಾಯಿತು, ಮತ್ತು ಇದು ಫೋರ್ಡ್ ಅವರ ಸ್ವಾಭಿಮಾನದ ವಿಜಯವೆಂದು ಬಹುಕಾಲ ಕೊಂಡಾಡಲ್ಪಟ್ಟಿತು. ಆ ಕೊಂಡಾಟದಲ್ಲಿ ಡೀಲರನ ಹೆಸರಿಲ್ಲದಿರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಅದೇ ಹೊತ್ತಿನಲ್ಲಿ, 1920ರಲ್ಲಿ ಕೊಂಡುಕೊಂಡಿದ್ದ ಡೆಟ್ರಾಯಿಟ್, ಟೊಲೀಡೊ ಅಂಡ್ ಐರನ್‌ಟನ್ ರೈಲುಮಾರ್ಗದ ನೆರವಿನಿಂದಲೂ ಸಾಗಣೆಯ ಬಿಗಿ ಏರ್ಪಾಡಿನಿಂದಲೂ, ಕಚ್ಚಾವಸ್ತು ಸಿದ್ಧವಸ್ತುವಾಗಿ ಹೊರಹೋಗುವ ಅವಧಿ 22 ದಿನಗಳಿಂದ 14ಕ್ಕೆ ಇಳಿಯಿತೆಂಬುದನ್ನೂ ಹೇಳಬೇಕು. ಆ ಸುಧಾರಣೆ ನಿಜವಾದದ್ದು, ಮೆಚ್ಚತಕ್ಕದ್ದು.

ಅಮೆರಿಕದ ಹೊರಗಿನ ವಿಸ್ತಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1904ರಲ್ಲಿಯೇ ಕೆನಡಾದ ವಾಕರ್‌ವಿಲ್‌ನಲ್ಲಿ ಒಂದು ಕಂಪನಿ ಹುಟ್ಟಿತ್ತು. 1911ರಲ್ಲಿ ಮ್ಯಾಂಚೆಸ್ಟರ್ ಬಳಿಯ ಟ್ರಾಫರ್ಡ್ ಪಾರ್ಕ್‌ನಲ್ಲಿ ಜೋಡಣೆ ಘಟಕ ಆರಂಭವಾಯಿತು. ಬ್ರಿಟನ್ ಮತ್ತು ಐರ್ಲೆಂಡುಗಳನ್ನು ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಉಳಿದ ದೇಶಗಳಿಗೆ ಕಾರುಗಳನ್ನು ಪೂರೈಸುವ ಹಕ್ಕು ಕೆನಡಾದ ಕಂಪನಿಯದಾಗಿತ್ತು. ಆದ್ದರಿಂದ ನಮ್ಮ ದೇಶಕ್ಕೆ ಬಂದ ಫೋರ್ಡ್ ಕಾರುಗಳ ದಾರಿಯೂ ಕೆನಡಾದ ಮೂಲಕವೇ ಆಗಿತ್ತು. 1926ರಲ್ಲಿ ಕೆನಡಾದ ಅಂಗಸಂಸ್ಥೆಯಾಗಿ ಭಾರತದ ಫೋರ್ಡ್ ಕಂಪನಿ ಸ್ಥಾಪನೆಯಾಗಿ, ಮರದ ಪೆಟ್ಟಿಗೆಗಳಲ್ಲಿ ಹಡಗಿನಿಂದಿಳಿದ ಭಾಗಗಳನ್ನು ಇಲ್ಲಿನ ಬಂದರು ನಗರಗಳಲ್ಲಿಯೇ ಜೋಡಿಸುವ ಕೆಲಸ ಆರಂಭವಾಯಿತು. ಕಾನ್ಸಾಸ್ ಸಿಟಿಗೆ ರೈಲಿನಲ್ಲಿ ಹೋದ ತರ್ಕವೇ ಮುಂಬಯಿಗೆ ಹಡಗಿನಲ್ಲಿ ಬಂತು.

ಇನ್ನು 1927. ಮೇ 26ರಂದು ಹೆನ್ರಿ ಫೋರ್ಡ್ ಮತ್ತು ಅವರ ಮಗ ಎಡ್ಸೆಲ್ ಒಂದೂವರೆ ಕೋಟಿಯ ಸಂಖ್ಯೆಯ ಮಾಡೆಲ್ ಟಿ ಕಾರಿನಲ್ಲಿ ಹೈಲ್ಯಾಂಡ್ ಪಾರ್ಕಿನಿಂದ ಡಿಯರ್‌ಬಾರ್ನ್‌ಗೆ ಪ್ರಯಾಣಿಸಿದರು. ಆ ಬಳಿಕ ಹಳೆಯ ಕಾರಿನ ತಯಾರಿಕೆ ನಿಂತಿತು. ಹೊಸದು ಇನ್ನೂ ಸಿದ್ಧವಿರಲಿಲ್ಲ. ಆ ತಿಂಗಳುಗಳಲ್ಲಿ ಡೀಲರುಗಳ ಅಂಗಡಿಯಲ್ಲಿ ಮಾರಲು ಹೊಸ ಕಾರುಗಳೇ ಇರಲಿಲ್ಲ. ಬಿಡಿ ಭಾಗ, ರಿಪೇರಿ, ಹಳೆಯ ಕಾರುಗಳ ವ್ಯಾಪಾರದಿಂದ ಅವರು ಕಾಲ ನೂಕಿದರು. ಪ್ರತಿಸ್ಪರ್ಧಿ ಕಾರಾದ ಷೆವರ್ಲೆ ಆ ಅವಧಿಯಲ್ಲಿ ಮುನ್ನಡೆ ಸಾಧಿಸಿತು. ಷೆವರ್ಲೆಯ ಒಡೆತನವಿದ್ದ ಜನರಲ್ ಮೋಟಾರ್ಸ್ 1919ರಿಂದಲೇ ಕಂತಿನ ಸಾಲ ಕೊಡುತ್ತಿದ್ದರೆ, ಫೋರ್ಡ್ ಕಂಪನಿ 1923ರಲ್ಲಿ ತಂದದ್ದು ವಾರಕ್ಕೆ 5 ಡಾಲರ್ ಕಟ್ಟಿ, ಪೂರ್ತಿ ಹಣ ಕೂಡಿದ ಮೇಲೆ ಕಾರು ಪಡೆಯುವ ಉಳಿತಾಯ ಯೋಜನೆ. ಕಾರನ್ನು ಮೊದಲು ಮನೆಗೊಯ್ದು ಆಮೇಲೆ ತೀರಿಸುವ ಅವಕಾಶ ಪಕ್ಕದ ಅಂಗಡಿಯಲ್ಲಿರುವಾಗ ಇದು ಹೆಚ್ಚು ಮಂದಿಯನ್ನು ಸೆಳೆಯಲಿಲ್ಲ.

ಹೊಸ ಕಾರಾದ ಮಾಡೆಲ್ ಎ ಅನ್ನು ತೋರಿಸಿದ ಬಗೆ ಹಿಂದಿನದಕ್ಕೆ ತೀರ ವಿರುದ್ಧವಾದದ್ದು. 1915ರಲ್ಲಿ ಕಾರನ್ನು ತಯಾರಿಸುವುದನ್ನೇ ಕಣ್ಣೆದುರು ಬಿಡಿಸಿ ತೋರಿಸಿದ ಕಂಪನಿ, 1927ರಲ್ಲಿ ಕಾರನ್ನು ಬಚ್ಚಿಟ್ಟಿತು. ನವೆಂಬರ್ ಕೊನೆಯ ವಾರದಲ್ಲಿ ಐದು ದಿನಗಳ ಕಾಲ ಸುಮಾರು 2,000 ಪತ್ರಿಕೆಗಳಲ್ಲಿ ಪೂರ್ಣ ಪುಟದ ಜಾಹೀರಾತುಗಳು ಬಂದವು. ಅದಕ್ಕೆ ತಗುಲಿದ ವೆಚ್ಚ ಸುಮಾರು 13 ಲಕ್ಷ ಡಾಲರ್. ಡಿಸೆಂಬರ್ 2ರಂದು ತೆರೆ ಸರಿಯಿತು. ಡೆಟ್ರಾಯಿಟ್‌ನಲ್ಲಿ ಒಂದು ಲಕ್ಷ ಜನ ಶೋರೂಂಗಳಿಗೆ ನುಗ್ಗಿದರು. ಕ್ಲೀವ್‌ಲ್ಯಾಂಡಿನಲ್ಲಿ ಗುಂಪನ್ನು ಹತೋಟಿಯಲ್ಲಿಡಲು ಕುದುರೆ ಪೊಲೀಸರು ಬರಬೇಕಾಯಿತು. ಮೊದಲ ಶಾಖಾ ಘಟಕ ಹುಟ್ಟಿದ ಅದೇ ಕಾನ್ಸಾಸ್ ಸಿಟಿಯಲ್ಲಿ ಸಭಾಭವನಕ್ಕೆ ಎಷ್ಟು ಜನ ಮುತ್ತಿದರೆಂದರೆ ಎಲ್ಲರಿಗೂ ಕಾಣುವಂತೆ ಕಾರನ್ನು ಎತ್ತರದ ವೇದಿಕೆಯ ಮೇಲೆ ಏರಿಸಿಡಬೇಕಾಯಿತು. ಮೊದಲ 36 ಗಂಟೆಗಳಲ್ಲಿ ದೇಶದಾದ್ಯಂತ ಕಾರನ್ನು ನೋಡಿದವರು ಒಂದು ಕೋಟಿಯೆಂದು ಆಗ ಅಂದಾಜು ಮಾಡಲಾಯಿತು. ಬೆಲೆ 385 ಡಾಲರಿನಿಂದ ಆರಂಭ. ನಾಲ್ಕು ಚಕ್ರಕ್ಕೂ ಬ್ರೇಕು. ಒಡೆದರೂ ಚೂರಾಗಿ ಸಿಡಿಯದ ಮುಂಗಾಜು. ನಯಾಗರಾ ನೀಲಿ, ಅರೇಬಿಯನ್ ಮರಳು ಎಂಬಂಥ ಹೆಸರಿನ ಬಣ್ಣಗಳು. ಕಪ್ಪನ್ನೇ ಕಂಡಿದ್ದ ಕಣ್ಣುಗಳಿಗೆ ಆ ಬಣ್ಣಗಳು ಎಷ್ಟು ಹಿತವಾಗಿದ್ದಿರಬಹುದೆಂದು ಊಹಿಸಬಹುದು.

ಆದರೆ ವೇದಿಕೆಯ ಮೇಲಿದ್ದ ಆ ಕಾರನ್ನು ಕೊಂಡೊಯ್ಯುವಂತಿರಲಿಲ್ಲ. ಅದು ತೋರಿಸಲೆಂದು ಕಳುಹಿಸಿದ ಕಾರು. ಎಷ್ಟೋ ಡೀಲರುಗಳಿಗೆ ಅದೂ ದಕ್ಕಲಿಲ್ಲ, ಬಣ್ಣದ ಚಿತ್ರಗಳನ್ನು ತೋರಿಸಿ ಮುಂಗಡ ಪಡೆದರು. ಎರಡು ವಾರಗಳೊಳಗೆ ಸುಮಾರು ನಾಲ್ಕು ಲಕ್ಷ ಬೇಡಿಕೆಗಳು ಕಂಪನಿಯ ಕೈಯಲ್ಲಿದ್ದವು, ರೂಜ್ ನದಿಯ ಬಳಿಯ ಹೊಸ ಕಾರ್ಖಾನೆಯಲ್ಲಿ ಯಂತ್ರಗಳನ್ನು ಅಣಿಗೊಳಿಸುವ ಕೆಲಸವೇ ಇನ್ನೂ ಮುಗಿದಿರಲಿಲ್ಲ. ಗಿರಾಕಿಗಳು ತಿಂಗಳುಗಟ್ಟಲೆ ಕಾದರು. ಕಾಯಲಾರದವರು ಮುಂಗಡವನ್ನು ಹಿಂದಕ್ಕೆ ಪಡೆದು ಬೇರೆ ಕಾರು ಕೊಂಡರು. ಹತ್ತೊಂಬತ್ತು ವರ್ಷಗಳ ಕಾಲ ವ್ಯಾಗನ್ನಿನ ಅಂಗುಲ ಅಂಗುಲವನ್ನೂ ಲೆಕ್ಕಹಾಕಿ, ತಲುಪಿಸುವ ಕಲೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಕಂಪನಿ, ತೋರಿಸುವ ಕಲೆಯಲ್ಲಿ ತನ್ನ ಅತಿ ದೊಡ್ಡ ಗೆಲುವನ್ನು ಕಂಡ ದಿನವೇ ತಲುಪಿಸಲಾರದೆ ನಿಂತಿತು. 1928ರಲ್ಲಿ ಕಂಪನಿ ಕಂತಿನ ಸಾಲಕ್ಕಾಗಿ ಯೂನಿವರ್ಸಲ್ ಕ್ರೆಡಿಟ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ತೆರೆಯಿತು. ತಯಾರಿಕೆಯೂ ಮೆಲ್ಲಮೆಲ್ಲನೆ ವೇಗ ಹಿಡಿಯಿತು. ಹತ್ತು ಲಕ್ಷದ ಸಂಖ್ಯೆಯ ಮಾಡೆಲ್ ಎ ಹೊರಬಂದದ್ದು 1929ರ ಫೆಬ್ರವರಿಯಲ್ಲಿ, ತೆರೆ ಸರಿದು ಹದಿನಾಲ್ಕು ತಿಂಗಳಾದ ಮೇಲೆ. ಆ ಹೊತ್ತಿಗೆ ಏಜೆನ್ಸಿಯನ್ನು ಬಿಟ್ಟುಕೊಟ್ಟು ಬೇರೆ ಕಂಪನಿಯ ಫಲಕ ಹಾಕಿಕೊಂಡಿದ್ದ ಡೀಲರುಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ.